ಧ್ರುವದ ಹಡಗು ಹತ್ತುವ ಮೊದಲು ಅಂಕಸಮುದ್ರದ ಏರಿ ಹತ್ತಿ

ಏಪ್ರಿಲ್ ಬಿಸಿಲಿಗೆ ಬಾಗಳಿ ಕಲ್ಲೇಶ್ವರ ಗುಡಿಯ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಲಾಗದ ಊರುಗಳು ನಮ್ಮವು. ಇಂಥ ಕಡೆಯವರು ಯಾರಾದರೂ ಅಂಟಾರ್ಕ್ಟಿಕಾಕ್ಕೆ ಹೋಗುತ್ತೇನೆ ಎಂದರೆ ಮನೆಮಂದಿ ಮೊದಲು ಕೇಳುವುದು, 'ಆ ಥಂಡಿ ತಡಕೊಳ್ಳಾಕಾಗುತ್ತಾ?' ಎಂದು. ತಡೆದುಕೊಳ್ಳಬಹುದು. ಹಡಗಿನಲ್ಲಿ ಹೋಗುವವರು ನೋಡುವುದು ಧ್ರುವದ ಬೇಸಿಗೆಯನ್ನು. ಡಿಸೆಂಬರ್, ಜನವರಿಯಲ್ಲಿ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ದಂಡೆಯಲ್ಲಿ ಉಷ್ಣಾಂಶ ಸೊನ್ನೆಯ ಆಚೀಚೆ ಓಡಾಡುತ್ತಿರುತ್ತದೆ. ಕಾಶ್ಮೀರದ ಚಳಿಗಾಲ ಕಂಡವರಿಗೆ ಇದು ಹೊಸದಲ್ಲ. ನಿಜವಾಗಿ ಕಾಡುವುದು ಗಾಳಿ, ಅಲೆ ಮತ್ತು ಕಾಯುವುದು. ಇದರಲ್ಲಿ ಕಾಯುವುದನ್ನು ಲಕ್ಷಗಟ್ಟಲೆ ಖರ್ಚು ಮಾಡುವ ಮುಂಚೆ ನಮ್ಮ ತಾಲ್ಲೂಕುಗಳಲ್ಲೇ ಬಸ್ ಚಾರ್ಜಿನಲ್ಲಿ ಕಲಿಯಬಹುದು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಯಾವ ಧ್ರುವ ಎಂಬುದು ಇತ್ಯರ್ಥವಾಗಲಿ. ಹಿಮಕರಡಿ ಇರುವುದು ಉತ್ತರದಲ್ಲಿ, ಪೆಂಗ್ವಿನ್ ಇರುವುದು ದಕ್ಷಿಣದಲ್ಲಿ. ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸುವ ಜಾಹೀರಾತು ಕಂಡರೆ ಆ ಏಜೆಂಟನ್ನು ಅಲ್ಲಿಗೇ ಬಿಡಿ. ದಕ್ಷಿಣಕ್ಕೆ ನವೆಂಬರಿನಿಂದ ಮಾರ್ಚ್ ಕಾಲ. ಹೆಚ್ಚಿನ ಹಡಗುಗಳು ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ ಹೊರಡುತ್ತವೆ. ಉತ್ತರದಲ್ಲಿ ನಮ್ಮವರಿಗೆ ಸುಲಭವಾಗಿ ಎಟಕುವುದು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳು. ಜೂನ್‌ನಿಂದ ಆಗಸ್ಟ್ ಅಲ್ಲಿನ ಕಾಲ, ಹಡಗು ಹತ್ತುವುದು 78 ಡಿಗ್ರಿ ಉತ್ತರದ ಲಾಂಗ್‌ಇಯರ್‌ಬೈನ್ ಪಟ್ಟಣದಲ್ಲಿ. ದಕ್ಷಿಣಕ್ಕೆ ಹೋಗುವವರು ತಿಂಗಳನ್ನೂ ನೋಡಿ ಆರಿಸಬೇಕು. ನವೆಂಬರಿನಲ್ಲಿ ಹಿಮ ಹೊಸದು, ಕೊಳೆಯಾಗಿರುವುದಿಲ್ಲ, ಪೆಂಗ್ವಿನ್‌ಗಳು ಗೂಡಿಗೆ ಕಲ್ಲು ಹೊರುತ್ತಿರುತ್ತವೆ. ಡಿಸೆಂಬರ್ ಕೊನೆಯಿಂದ ಜನವರಿಯಲ್ಲಿ ಮರಿಗಳು. ಫೆಬ್ರವರಿ, ಮಾರ್ಚ್‌ನಲ್ಲಿ ತಿಮಿಂಗಿಲಗಳು ಹೆಚ್ಚು. ಆದರೆ ಅಷ್ಟೊತ್ತಿಗೆ ಪೆಂಗ್ವಿನ್ ವಸಾಹತುಗಳು ಕೆಸರು, ಹಿಕ್ಕೆಯಲ್ಲಿ ಮುಳುಗಿ ನಾರುತ್ತಿರುತ್ತವೆ. ಕೋಳಿ ಫಾರಂ ಇಟ್ಟವರಿಗೆ ಆ ವಾಸನೆ ಹೊಸದೇನಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇಲ್ಲೇ ಹೋಗಲಿ. ಪ್ರವಾಸಿ ಹಡಗು ಹತ್ತಿದರೆ ಭಾರತದ ಮೈತ್ರಿ, ಭಾರತಿ ನೆಲೆಗಳನ್ನು ನೋಡಬಹುದು ಎಂದುಕೊಂಡವರಿದ್ದಾರೆ. 1981ರ ಡಿಸೆಂಬರಿನಲ್ಲಿ ಗೋವಾದಿಂದ ಹೊರಟ ನಮ್ಮ ಮೊದಲ ತಂಡ 1982ರ ಜನವರಿಯಲ್ಲಿ ಇಳಿದ ದಂಡೆಯಾಗಲಿ, ಈಗಿನ ಎರಡು ನೆಲೆಗಳಾಗಲಿ ಇರುವುದು ಖಂಡದ ಪೂರ್ವ ಭಾಗದಲ್ಲಿ. ಪ್ರವಾಸಿ ಹಡಗುಗಳು ಸುತ್ತುವುದು ದಕ್ಷಿಣ ಅಮೆರಿಕದ ಕಡೆ ಚಾಚಿರುವ ಪರ್ಯಾಯ ದ್ವೀಪವನ್ನು. ನಡುವೆ ಸಾವಿರಾರು ಕಿಲೋಮೀಟರ್. ನಮ್ಮ ದೇಶದ ಧ್ರುವ ನೆಲೆಯೊಂದನ್ನು ಕಣ್ಣಾರೆ ನೋಡಬೇಕೆಂದರೆ ಉತ್ತರಕ್ಕೆ ಹೋಗಿ. ಸ್ವಾಲ್ಬಾರ್ಡ್‌ನ ನಿ-ಓಲೆಸುಂಡ್ ಎಂಬ ಪುಟ್ಟ ಸಂಶೋಧನಾ ಗ್ರಾಮದಲ್ಲಿ 2008ರಲ್ಲಿ ಶುರುವಾದ 'ಹಿಮಾದ್ರಿ' ಇದೆ. ಎಷ್ಟೋ ಹಡಗುಗಳು ಅಲ್ಲಿ ನಿಲ್ಲುತ್ತವೆ. ಒಳಗೆ ಬಿಡುವುದಿಲ್ಲ, ಹೊರಗೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಆದರೆ ಆ ಊರಿನಲ್ಲಿ ಮೊಬೈಲಿನ ವೈಫೈ, ಬ್ಲೂಟೂತ್ ಎರಡೂ ಬಂದ್ ಮಾಡಿರಬೇಕು. ಅಲ್ಲಿನ ಸೂಕ್ಷ್ಮ ಉಪಕರಣಗಳಿಗೆ ಅಡ್ಡಿಯಾಗಬಾರದೆಂದು ಸುತ್ತಲಿನ 20 ಕಿಲೋಮೀಟರ್ ರೇಡಿಯೊ ಮೌನದ ಪ್ರದೇಶ. ಮನೆಗೆ ವಿಡಿಯೊ ಕಾಲ್ ಮಾಡಿ 'ನೋಡ್ರಿ, ನಮ್ಮ ಹಿಮಾದ್ರಿ' ಅನ್ನುವ ಆಸೆ ಇದ್ದರೆ ಬಿಟ್ಟುಬಿಡಿ.

ಹಡಗು ಆರಿಸುವುದು

ಹಡಗು ದೊಡ್ಡದಾದಷ್ಟೂ ಟಿಕೆಟ್ ಅಗ್ಗ, ಪ್ರಾಣಿ ದೂರ. ಅಂಟಾರ್ಕ್ಟಿಕಾದಲ್ಲಿ ಒಂದು ಜಾಗದಲ್ಲಿ ಒಮ್ಮೆಗೆ 100 ಪ್ರವಾಸಿಗರಿಗಿಂತ ಹೆಚ್ಚು ಜನ ದಂಡೆಗೆ ಇಳಿಯುವಂತಿಲ್ಲ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರು ಇಳಿಯುವಂತೆಯೇ ಇಲ್ಲ. ಕಟಕಟೆ ಹಿಡಿದು ನೋಡಿ ವಾಪಸು ಬರಬೇಕು. 200 ಜನರ ಹಡಗಾದರೆ ಸರದಿಯಲ್ಲಿ ಇಳಿಸುತ್ತಾರೆ, ಅರ್ಧ ಹೊತ್ತು ಕಾಯುವುದರಲ್ಲೇ ಹೋಗುತ್ತದೆ. ಹಾಗಾಗಿ ಏಜೆಂಟನನ್ನು ಕೊಠಡಿಯ ಬಾಲ್ಕನಿ ಬಗ್ಗೆ ಕೇಳುವ ಮೊದಲು ಪ್ರಯಾಣಿಕರು ಎಷ್ಟು, ದಿನಕ್ಕೆ ಎಷ್ಟು ಸಲ ಇಳಿಸುತ್ತೀರಿ, ಎಷ್ಟು ಜನಕ್ಕೆ ಒಬ್ಬ ಮಾರ್ಗದರ್ಶಿ ಎಂದು ಕೇಳಿ. ಕಂಪನಿ ದಕ್ಷಿಣದಲ್ಲಾದರೆ 1991ರಲ್ಲಿ ಹುಟ್ಟಿದ, ಪ್ರವಾಸ ಕಂಪನಿಗಳದ್ದೇ ಆದ ಐಎಎಟಿಒ ಸಂಘದ, ಉತ್ತರದಲ್ಲಾದರೆ ಅಂಥದ್ದೇ ಎಇಸಿಒ ಸಂಘದ ಸದಸ್ಯನೇ ಎಂದೂ ನೋಡಿ. ಬಾಲ್ಕನಿಗೆ ಕೊಡುವ ಹೆಚ್ಚಿನ ದುಡ್ಡು ನನ್ನ ಮಟ್ಟಿಗೆ ದಂಡ. ಎಚ್ಚರ ಇರುವಷ್ಟು ಹೊತ್ತೂ ನೀವು ಡೆಕ್ಕಿನ ಮೇಲೇ ಇರುತ್ತೀರಿ. ಕೆಳಗಿನ ಅಂತಸ್ತಿನ, ಹಡಗಿನ ನಟ್ಟನಡುವಿನ ಕೊಠಡಿಯೇ ಅಗ್ಗ. ಅಲೆಗೆ ಕಡಿಮೆ ತೂಗುವುದೂ ಅದೇ.

ಖರ್ಚು? ವಿಮಾನವೂ ಸೇರಿ ದಕ್ಷಿಣದ ಹತ್ತು ಹನ್ನೆರಡು ದಿನದ ಪ್ರವಾಸಕ್ಕೆ ತಲೆಗೆ ಹತ್ತು ಲಕ್ಷದ ಅಂದಾಜು ಇಟ್ಟುಕೊಳ್ಳಿ. ಕೊನೆ ಗಳಿಗೆಯ ರಿಯಾಯಿತಿಯಲ್ಲಿ ಹಡಗಿನದ್ದಷ್ಟೇ ಐದಾರು ಲಕ್ಷಕ್ಕೆ ಇಳಿಯುವುದೂ ಉಂಟು. ಸ್ವಾಲ್ಬಾರ್ಡ್‌ಗೆ ವಿಮಾನದ ಖರ್ಚು ಕಡಿಮೆ. ವಿದೇಶ ಪ್ರವಾಸದ ಪ್ಯಾಕೇಜಿಗೆ ಟಿಸಿಎಸ್ ಎಂದು ತೆರಿಗೆ ಮುಂಗಡ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ವಿಮೆಯಲ್ಲಿ ಮಾತ್ರ ಉಳಿತಾಯ ಬೇಡ. ಕಾಲು ಮುರಿದರೆ ಅಲ್ಲಿಂದ ಹೊರತರುವುದಕ್ಕೆ ಪ್ರವಾಸದ ಹಲವು ಪಟ್ಟು ಖರ್ಚಾಗುತ್ತದೆ. ತುರ್ತು ಸಾಗಾಟದ ವಿಮೆ ಇಲ್ಲದವರನ್ನು ಎಷ್ಟೋ ಕಂಪನಿಗಳು ಹತ್ತಿಸಿಕೊಳ್ಳುವುದೇ ಇಲ್ಲ.

ವೀಸಾ, ವಿಮಾನದ ವಿಚಾರದಲ್ಲಿ ನಮ್ಮವರು ಎಡವುವ ಜಾಗ ಎರಡು. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ ಎಂದು ಎಲ್ಲರೂ ಹೇಳುತ್ತಾರೆ, 1920ರ ಒಪ್ಪಂದದ ದೆಸೆಯಿಂದ ಅದು ನಿಜವೂ ಹೌದು. ಆದರೆ ಅಲ್ಲಿಗೆ ಹೋಗುವ ವಿಮಾನ ನಾರ್ವೆಯ ಓಸ್ಲೊ ಅಥವಾ ಟ್ರೊಮ್ಸೊ ಮೂಲಕವೇ ಹೋಗಬೇಕು. ನಾರ್ವೆ ಶೆಂಗೆನ್ ಒಳಗಿದೆ, ಸ್ವಾಲ್ಬಾರ್ಡ್ ಹೊರಗಿದೆ. ಅಂದರೆ ನೀವು ಶೆಂಗೆನ್ ಬಿಟ್ಟು ಹೋಗಿ ಮತ್ತೆ ಒಳಗೆ ಬರುತ್ತೀರಿ. ಒಂದೇ ಪ್ರವೇಶದ ವೀಸಾ ಇದ್ದರೆ ವಾಪಸು ಬರುವಾಗ ಬಾಗಿಲು ಮುಚ್ಚಿರುತ್ತದೆ. ಎರಡು ಅಥವಾ ಹೆಚ್ಚು ಪ್ರವೇಶದ ವೀಸಾವನ್ನೇ ಕೇಳಿ ಪಡೆಯಿರಿ. ದಕ್ಷಿಣದಲ್ಲಿ ಎಡವಟ್ಟಾಗುವುದು ಬ್ಯೂನಸ್ ಐರಿಸ್‌ನಲ್ಲಿ. ಅಲ್ಲಿ ಎರಡು ವಿಮಾನ ನಿಲ್ದಾಣ. ಹೊರದೇಶದ ವಿಮಾನ ಊರಾಚೆಯ ಎಸೈಸಾದಲ್ಲಿ ಇಳಿಯುತ್ತದೆ, ಉಶುವಾಯಾ ವಿಮಾನ ಬಹಳಷ್ಟು ಸಲ ಊರೊಳಗಿನ ಏರೊಪಾರ್ಕೆಯಿಂದ ಏಳುತ್ತದೆ. ನಡುವೆ ಊರಿನ ಟ್ರಾಫಿಕ್ಕು. ಹಡಗು ಯಾರಿಗೂ ಕಾಯುವುದಿಲ್ಲ, ಒಂದೆರಡು ದಿನ ಮೊದಲೇ ಉಶುವಾಯಾ ಸೇರಿಕೊಳ್ಳಿ. ತಪ್ಪಿಹೋದ ಸೂಟ್‌ಕೇಸ್ ಬಂದು ಸೇರುವುದಕ್ಕೂ ಅಷ್ಟು ದಿನ ಬೇಕು.

ಅಲೆ, ಗಾಳಿ, ಬಟ್ಟೆ

ಉಶುವಾಯಾದಿಂದ ಹೊರಟ ಹಡಗು ಡ್ರೇಕ್ ಜಲಸಂಧಿ ದಾಟಬೇಕು. ಹಾರ್ನ್ ಭೂಶಿರದಿಂದ ದಕ್ಷಿಣ ಶೆಟ್ಲೆಂಡ್ ದ್ವೀಪಗಳ ತನಕ ಸುಮಾರು 800 ಕಿಲೋಮೀಟರ್. ಹೋಗುವಾಗ ಹತ್ತಿರ ಹತ್ತಿರ ಎರಡು ದಿನ, ಬರುವಾಗ ಮತ್ತಷ್ಟೇ. ಆ ಅಕ್ಷಾಂಶದಲ್ಲಿ ಭೂಮಿಯ ಸುತ್ತಲೂ ಗಾಳಿಗೆ ಅಡ್ಡ ನಿಲ್ಲುವ ನೆಲವೇ ಇಲ್ಲ, ಪಶ್ಚಿಮದ ಗಾಳಿ ಓಡುತ್ತಲೇ ಇರುತ್ತದೆ. ಅದೃಷ್ಟ ಚೆನ್ನಾಗಿದ್ದರೆ ತುಂಗಭದ್ರಾ ಹಿನ್ನೀರಿನಷ್ಟು ಸಪಾಟು, ಇಲ್ಲದಿದ್ದರೆ ತಟ್ಟೆ ಲೋಟ ಮೇಜಿನ ಮೇಲೆ ನಿಲ್ಲುವುದಿಲ್ಲ. ವಾಂತಿ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಏನೂ ಪ್ರಯೋಜನವಿಲ್ಲ, ಹಡಗು ಬಂದರು ಬಿಡುವ ಮೊದಲೇ ತೆಗೆದುಕೊಳ್ಳಬೇಕು. ಯಾವ ಮಾತ್ರೆ ಎಂಬುದನ್ನು ಊರಿನಲ್ಲೇ ವೈದ್ಯರನ್ನು ಕೇಳಿ; ಬಿಪಿ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಕೆಲವು ಮಾತ್ರೆ ಆಗಿಬರುವುದಿಲ್ಲ. ಹೊಟ್ಟೆ ಖಾಲಿ ಬಿಡಬೇಡಿ. ಹಡಗಿನವರು ಒಣ ಬಿಸ್ಕತ್ತು, ಹಸಿರು ಸೇಬು ಕೊಡುತ್ತಾರೆ. ನಮ್ಮವರಿಗೆ ಅದೇ ಕೆಲಸವನ್ನು ಒಗ್ಗರಣೆ ಹಾಕದ ಮಂಡಕ್ಕಿ ಮಾಡುತ್ತದೆ. ಆದರೆ ಚಿಲಿ ಮೂಲಕ ಹೋಗುವವರು ತಿನಿಸು, ಕಾಳು ಏನೇ ಇದ್ದರೂ ವಿಮಾನ ನಿಲ್ದಾಣದ ಫಾರಂನಲ್ಲಿ ಬರೆದು ತೋರಿಸಲೇಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಕಟ್ಟಬೇಕು.

ಡ್ರೇಕ್‌ನಲ್ಲಿ ಗಾಯವಾಗುವುದು ಬಿದ್ದು ಮಾತ್ರವಲ್ಲ, ಬಾಗಿಲಿಗೆ ಬೆರಳು ಸಿಕ್ಕಿಯೂ ಆಗುತ್ತದೆ. ಹಡಗು ವಾಲಿದಾಗ ಭಾರದ ಕಬ್ಬಿಣದ ಬಾಗಿಲು ತಾನಾಗಿ ಬಡಿಯುತ್ತದೆ. ಚೌಕಟ್ಟಿಗೆ ಕೈ ಕೊಡಬೇಡಿ, ಹಿಡಿಕೆಯನ್ನೇ ಹಿಡಿಯಿರಿ. ಒಂದು ಕೈ ಸದಾ ಖಾಲಿ ಇರಲಿ. ಮೊದಲ ದಿನ ನಡೆಸುವ ಲೈಫ್‌ಬೋಟ್ ಕವಾಯತು ಬೇಸರ ಎಂದು ತಪ್ಪಿಸಿಕೊಳ್ಳಬೇಡಿ. 2007ರ ನವೆಂಬರಿನಲ್ಲಿ 'ಎಕ್ಸ್‌ಪ್ಲೋರರ್' ಎಂಬ ಹಡಗು ದಕ್ಷಿಣ ಶೆಟ್ಲೆಂಡ್ ಬಳಿ ಮಂಜುಗಡ್ಡೆಗೆ ಬಡಿದು ಮುಳುಗಿತು. ಅದರಲ್ಲಿದ್ದ 154 ಮಂದಿಯೂ ತೆರೆದ ದೋಣಿಗಳಲ್ಲಿ ಗಂಟೆಗಟ್ಟಲೆ ಕಾದು ಬದುಕಿ ಬಂದರು. ಎಲ್ಲಿ ಸೇರಬೇಕು, ಏನು ತೊಡಬೇಕು ಎಂದು ಮೊದಲೇ ತಿಳಿದಿದ್ದವರು ಅವರು.

ಬಟ್ಟೆಗೆ ಬೆಂಗಳೂರಿನ ಮಾಲ್‌ನಲ್ಲಿ ಅರವತ್ತು ಸಾವಿರ ಸುರಿಯಬೇಕಿಲ್ಲ. ದಪ್ಪ ಕೋಟು, ಮೊಳಕಾಲಿನ ರಬ್ಬರ್ ಬೂಟು ಎರಡನ್ನೂ ಹೆಚ್ಚಿನ ಹಡಗುಗಳು ಕೊಡುತ್ತವೆ, ಬುಕ್ ಮಾಡುವಾಗ ಕೇಳಿಕೊಳ್ಳಿ. ನೀವು ಕೊಳ್ಳಬೇಕಾದದ್ದು ಮೈಗಂಟುವ ಉಣ್ಣೆಯ ಅಥವಾ ಸಿಂಥೆಟಿಕ್ ಒಳಉಡುಪು, ಅದರ ಮೇಲೊಂದು ಫ್ಲೀಸ್, ಒಳ್ಳೆಯ ಜಲನಿರೋಧಕ ಪ್ಯಾಂಟು, ಎರಡು ಜೊತೆ ಕೈಗವಸು. ಪ್ಯಾಂಟನ್ನೇ ಬಹಳ ಜನ ಮರೆಯುತ್ತಾರೆ. ರಬ್ಬರ್ ದೋಣಿಯ ಅಂಚಿನಲ್ಲಿ ಕೂತಾಗ ಅಲೆ ಎರಚುವುದು ತೊಡೆಯ ಮೇಲೆಯೇ. ಹತ್ತಿ ಬನಿಯನ್, ಜೀನ್ಸ್ ಊರಲ್ಲೇ ಇರಲಿ. ಮಳೆಯಲ್ಲಿ ಕುರಿ ಕಾಯುವವನ ಕಂಬಳಿ ನೆನೆದರೂ ಬೆಚ್ಚಗಿಡುತ್ತದೆ, ಹತ್ತಿಯ ದುಪ್ಪಟಿ ನೆನೆದರೆ ಮೈಗಂಟಿ ನಡುಗಿಸುತ್ತದೆ. ಅಲ್ಲಿಯೂ ಲೆಕ್ಕ ಅಷ್ಟೇ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಮರೆಯಬೇಡಿ. ಹಿಮದಿಂದ ಪುಟಿದು ಬರುವ ಬಿಸಿಲು ಗಲ್ಲದ ಕೆಳಗೂ ಸುಡುತ್ತದೆ. ಸ್ವಾಲ್ಬಾರ್ಡ್‌ನಲ್ಲಿ ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದ ತನಕ ಸೂರ್ಯ ಮುಳುಗುವುದೇ ಇಲ್ಲ. ನಿದ್ದೆಗೆ ಕಣ್ಣುಪಟ್ಟಿ ಬೇಕು, ಸಕ್ಕರೆ ಕಾಯಿಲೆಯವರಿಗೆ ಮಾತ್ರೆಯ ಹೊತ್ತು ನೆನಪಿಸಲು ಅಲಾರಂ ಬೇಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ಲೆಕ್ಕ, ದಂಡೆಗೆ ಒಯ್ಯುವುದಾದರೆ ಒಳಜೇಬಿನಲ್ಲಿರಲಿ.

ಕಾಯುವ ವಿದ್ಯೆ

ಈಗ ನಮ್ಮ ತಾಲ್ಲೂಕುಗಳಿಗೆ ಬರೋಣ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಶತಮಾನಗಳ ಹಿಂದೆ ಊರವರ ನೀರಾವರಿಗೆ ಕಟ್ಟಿದ ಕೆರೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿ ರಾಮ್ಸರ್ ತಾಣವಾಯಿತು. ಸುಮಾರು 98 ಹೆಕ್ಟೇರ್ ನೀರಿನಲ್ಲಿ ಜಾಲಿ ಮರಗಳು, ಮರದ ತುಂಬ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನೀರುಕಾಗೆ. ಅಲ್ಲಿಗೆ ಬರುವ ನಮ್ಮವರು ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸ: ಏರಿ ಮೇಲೆ ಬೈಕು ನಿಲ್ಲಿಸಿ, ಒಂದಿಷ್ಟು ಫೋಟೊ ತೆಗೆದು, ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಿ, ಹೊರಡುವುದು. ಧ್ರುವಕ್ಕೆ ಹೋಗುವ ಆಸೆಯಿದ್ದವರು ಇದಕ್ಕೆ ತದ್ವಿರುದ್ಧ ಮಾಡಿ. ಬೆಳಗ್ಗೆ ಬಿಸಿಲೇರುವ ಮೊದಲು ಹೋಗಿ, ಏರಿಯ ಒಂದೇ ಕಡೆ ಕೂತು, ಎರಡು ತಾಸು ಜಾಗ ಬದಲಿಸಬೇಡಿ. ದುರ್ಬೀನಿನಲ್ಲಿ ಒಂದೇ ಗೂಡನ್ನು ನೋಡುತ್ತಿರಿ. ಮೊದಲ ಅರ್ಧ ಗಂಟೆ ಏನೂ ನಡೆಯುವುದಿಲ್ಲ. ಆಮೇಲೆ ಗಂಡು ಕಡ್ಡಿ ತರುತ್ತದೆ, ಹೆಣ್ಣು ಅದನ್ನು ಗೂಡಿಗೆ ಸಿಕ್ಕಿಸುತ್ತದೆ, ಪಕ್ಕದ ಗೂಡಿನವ ಅದನ್ನೇ ಕದಿಯುತ್ತಾನೆ. ಪೆಂಗ್ವಿನ್ ವಸಾಹತಿನಲ್ಲೂ ನಡೆಯುವುದು ಇದೇ ಕಥೆ, ಕಡ್ಡಿಯ ಬದಲು ಕಲ್ಲು. ನಂತರ ಎದ್ದು ನೀರಂಚಿನ ಕೊಕ್ಕರೆಯೊಂದರ ಕಡೆ ಮೆಲ್ಲಗೆ ಹೆಜ್ಜೆ ಹಾಕಿ. ಮೇಯುತ್ತಿದ್ದುದು ತಲೆ ಎತ್ತಿ ನಿಮ್ಮನ್ನು ನೋಡಿತೆಂದರೆ ನೀವು ಗೆರೆ ದಾಟಿದ್ದೀರಿ, ಹಿಂದೆ ಬನ್ನಿ. ಅಂಟಾರ್ಕ್ಟಿಕಾದಲ್ಲಿ ಪೆಂಗ್ವಿನ್‌ಗೆ 5 ಮೀಟರ್, ಫರ್ ಸೀಲ್‌ಗೆ 15 ಮೀಟರ್ ದೂರ ಎಂದು ನಿಯಮವಿದೆ. ಅದು ಕನಿಷ್ಠ ಅಳತೆ ಅಷ್ಟೇ. ನಿಜವಾದ ಅಳತೆ ಪ್ರಾಣಿ ತಲೆ ಎತ್ತುವ ಗಳಿಗೆಯೇ. ಪೆಂಗ್ವಿನ್‌ಗೆ ಮಾತ್ರ ನಿಯಮ ಗೊತ್ತಿಲ್ಲ. ನೀವು ಅಲ್ಲಾಡದೆ ನಿಂತರೆ ಅದೇ ನಿಮ್ಮ ಬೂಟಿನ ತನಕ ಬರುವುದೂ ಉಂಟು. ಅವು ಸಮುದ್ರಕ್ಕೆ ಓಡಾಡಿ ಹಿಮದಲ್ಲಿ ಸವೆಸಿದ ದಾರಿ ಕಂಡರೆ ನಿಂತು, ಅವುಗಳನ್ನು ಮುಂದೆ ಬಿಡಿ.

ಹಿಮಕರಡಿ ನೋಡುವ ಪಾಠ ಕಲಿಯಲು ಕೂಡ್ಲಿಗಿಯ ಗುಡೇಕೋಟೆ, ಅದಕ್ಕೂ ಮುಂದೆ ದರೋಜಿ ಕರಡಿಧಾಮಗಳಿವೆ. ಆದರೆ ದರೋಜಿಯಲ್ಲಿ ನೋಡಿದ್ದನ್ನು ಉತ್ತರದಲ್ಲಿ ನಿರೀಕ್ಷಿಸಬೇಡಿ. ಇಲ್ಲಿ ಬಂಡೆಗೆ ಬೆಲ್ಲದ ಪಾಕ ಬಳಿಯುತ್ತಾರೆ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಕರಡಿ ಗುಡ್ಡದಿಂದ ಇಳಿದು ಬರುತ್ತದೆ, ಗೋಪುರದ ಮೇಲೆ ಕೂತವರಿಗೆ ದರ್ಶನ ಗ್ಯಾರಂಟಿ. ಸ್ವಾಲ್ಬಾರ್ಡ್‌ನಲ್ಲಿ ಕರಡಿಯನ್ನು ಯಾವುದೇ ರೀತಿ ಆಕರ್ಷಿಸುವುದು, ಬೆನ್ನಟ್ಟುವುದು ಅಪರಾಧ. 2025ರ ಜನವರಿಯಿಂದ ಹಡಗು, ದೋಣಿ, ಮನುಷ್ಯ ಎಲ್ಲರೂ ಕರಡಿಯಿಂದ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರ ತನಕ ಅದು 500 ಮೀಟರ್. ಸಂರಕ್ಷಿತ ಪ್ರದೇಶಕ್ಕೆ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿಗೆ ಪ್ರವೇಶವಿಲ್ಲ. 500 ಮೀಟರಿನಲ್ಲಿ ಮೊಬೈಲ್ ಕ್ಯಾಮೆರಾಕ್ಕೆ ಕರಡಿ ಒಂದು ಹಳದಿ ಚುಕ್ಕೆ. ಆದ್ದರಿಂದ ಕ್ಯಾಮೆರಾಕ್ಕೆ ಹಾಕುವ ದುಡ್ಡಿನಲ್ಲಿ ಸ್ವಲ್ಪವನ್ನು ಒಳ್ಳೆಯ 8x42 ದುರ್ಬೀನಿಗೆ ಹಾಕಿ. ಇಡೀ ಪ್ರವಾಸದಲ್ಲಿ ಕರಡಿ ಕಾಣದೆ ಬಂದವರಿದ್ದಾರೆ, ಅವರು ಕೊಟ್ಟ ದುಡ್ಡೂ ಅಷ್ಟೇ. ದರ್ಶನ ಗ್ಯಾರಂಟಿ ಎಂದು ಬರೆದುಕೊಡುವ ಕಂಪನಿಯನ್ನು ನಂಬಬೇಡಿ.

ಹಾಗೆ ನೋಡಿದರೆ ಧ್ರುವದ ನಂಟರು ನಮ್ಮಲ್ಲಿಗೇ ಬರುತ್ತಾರೆ. ಚಳಿಗಾಲದಲ್ಲಿ ಹಿನ್ನೀರಿನ, ಕೆರೆಗಳ ಕೆಸರಂಚಿನಲ್ಲಿ ಗುಬ್ಬಚ್ಚಿ ಗಾತ್ರದ ಹಕ್ಕಿಗಳು ಗುಂಪಾಗಿ ಟಕಟಕ ಕುಕ್ಕುತ್ತ ಓಡಾಡುತ್ತಿರುತ್ತವೆ. ಅವು ಲಿಟಲ್ ಸ್ಟಿಂಟ್. ಜೂನ್‌ನಲ್ಲಿ ಸೈಬೀರಿಯಾದ ತುಂಡ್ರಾದಲ್ಲಿ ಮೊಟ್ಟೆಯಿಡುವ ಹಕ್ಕಿ ಅದು; ತೂಕ ಮೂವತ್ತು ಗ್ರಾಂ ದಾಟುವುದು ಅಪರೂಪ. ಎಲ್ಲರೂ ಹೊಗಳುವ ಪಟ್ಟೆತಲೆ ಹೆಬ್ಬಾತು ಮಾತ್ರ ಧ್ರುವದ್ದಲ್ಲ, ಮಂಗೋಲಿಯಾ, ಟಿಬೆಟ್ ಕಡೆಯದು. ಅದನ್ನು ಸಾವಿರಗಟ್ಟಲೆ ನೋಡಬೇಕೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ.

ದಂಡೆಗೆ ಇಳಿಯುವಾಗ

ದೊಡ್ಡ ಹಡಗಿನಿಂದ ದಂಡೆಗೆ ಕರೆದೊಯ್ಯುವುದು ಝೋಡಿಯಾಕ್ ಎಂಬ ಕಪ್ಪು ರಬ್ಬರ್ ದೋಣಿ. ಅದಕ್ಕೆ ಹತ್ತುವಾಗ ನಾವಿಕ ಕೈ ಚಾಚುತ್ತಾನೆ. ಅಂಗೈ ಹಿಡಿಯಬೇಡಿ, ಅವನ ಮುಂಗೈ ಹಿಡಿಯಿರಿ, ಅವನು ನಿಮ್ಮ ಮುಂಗೈ ಹಿಡಿಯುತ್ತಾನೆ. ಕೈಗವಸು ಜಾರಿದರೂ ಹಿಡಿತ ಬಿಡುವುದಿಲ್ಲ. ದಡದಲ್ಲಿ ಜೆಟ್ಟಿ ಇರುವುದಿಲ್ಲ, ಮೊಳಕಾಲುದ್ದ ನೀರಿಗೆ ಕಾಲಿಡಬೇಕು. ಮಂಡಿ ನೋವಿನವರಿಗೆ ಕಷ್ಟವಾಗುವುದು ಇಲ್ಲೇ. ಊರಲ್ಲಿ ಟ್ರ್ಯಾಕ್ಟರ್ ಟ್ರಾಲಿ ಹತ್ತಿಳಿಯಲು ಆಗುತ್ತಿದ್ದರೆ ಇದೂ ಆಗುತ್ತದೆ.

ಇಳಿಯುವ ಮೊದಲು ಹಡಗಿನಲ್ಲಿ ಬಟ್ಟೆ ತಪಾಸಣೆ ನಡೆಯುತ್ತದೆ. ವ್ಯಾಕ್ಯೂಮ್ ಕ್ಲೀನರ್ ಹಿಡಿದು ಜೇಬು, ಮಡಿಕೆ, ವೆಲ್ಕ್ರೊ ಎಲ್ಲ ಶುಚಿ ಮಾಡಿಸುತ್ತಾರೆ. ನಗಬೇಡಿ. ನಮ್ಮ ಎರೆಹೊಲದ ಬದುವಿನಲ್ಲಿ ಒಮ್ಮೆ ನಡೆದ ಪ್ಯಾಂಟಿನ ಅಂಚು ನೋಡಿಕೊಳ್ಳಿ: ಉತ್ತರಾಣಿ ಬೀಜ ಹೊಲಿಗೆಯೊಳಗೆ ಹೊಕ್ಕಿರುತ್ತದೆ, ಬೂಟಿನ ತಳದಲ್ಲಿ ಕಪ್ಪು ಮಣ್ಣು ಒಣಗಿ ಗಟ್ಟಿಯಾಗಿರುತ್ತದೆ, ಅದರಲ್ಲಿ ಪಾರ್ಥೇನಿಯಂ ಇಲ್ಲವೆಂದು ಹೇಳುವವರಾರು? ಜನರ ಓಡಾಟದ ಜೊತೆ ಹೋದ ಹೊರಗಿನ ಹುಲ್ಲೊಂದು ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿ ಈಗಾಗಲೇ ಬೇರೂರಿದೆ. ಆ ಬೀಜಗಳನ್ನು ಚಿಮಟ ಹಿಡಿದು ಊರಲ್ಲೇ ಕಿತ್ತು ಹೊರಟರೆ ಅಲ್ಲಿ ಮುಜುಗರವಿಲ್ಲ. ಹಕ್ಕಿಜ್ವರದ ಭಯವೂ ಸೇರಿಕೊಂಡಿದೆ. ಎಚ್5ಎನ್1 ವೈರಸ್ 2023ರಲ್ಲಿ ದಕ್ಷಿಣ ಜಾರ್ಜಿಯಾಕ್ಕೂ, 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪಕ್ಕೂ ತಲುಪಿತು. ಹಾಗಾಗಿ ದಂಡೆಯಲ್ಲಿ ಕೂರುವುದು, ಮಂಡಿಯೂರುವುದು, ಬ್ಯಾಗನ್ನು ನೆಲಕ್ಕಿಡುವುದು ನಿಷಿದ್ಧ. ವಾಪಸು ಬಂದ ಮೇಲೆ ಬೂಟನ್ನು ಸೋಂಕುನಾಶಕದಲ್ಲಿ ಅದ್ದಬೇಕು. ತಿಂಡಿ ಒಯ್ಯುವಂತಿಲ್ಲ, ಶೇಂಗಾ ಚಟ್ನಿಪುಡಿ ಹಡಗಿನ ಊಟದ ಮೇಜಿಗಷ್ಟೇ. ಶಾಕಾಹಾರ ಎಂದು ಬುಕ್ ಮಾಡುವಾಗಲೇ ಬರೆದುಕೊಡಿ, ಮೊಟ್ಟೆ ಬೇಕೋ ಬೇಡವೋ ಎಂಬುದನ್ನೂ ಬಿಡಿಸಿ ಹೇಳಿ.

ಕ್ಯಾಮೆರಾ ಬ್ಯಾಟರಿ ಚಳಿಗೆ ಬೇಗ ಸಾಯುತ್ತದೆ. ಹೆಚ್ಚುವರಿ ಬ್ಯಾಟರಿಯನ್ನು ಮೈಗೆ ತಾಗುವ ಜೇಬಿನಲ್ಲಿಡಿ. ಹೊರಗಿನಿಂದ ಬೆಚ್ಚಗಿನ ಕೊಠಡಿಗೆ ಬರುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಂದು ತಾಸು ಬಿಟ್ಟು ಬಿಚ್ಚಿ. ಇಲ್ಲದಿದ್ದರೆ ಲೆನ್ಸಿನ ಒಳಗೇ ಹನಿಗಟ್ಟುತ್ತದೆ.

ವಾಪಸು ಬರುವಾಗಿನ ಒಂದು ಸಂಗತಿಯನ್ನು ಟ್ರಾವೆಲ್ ಏಜೆಂಟರು ಹೇಳುವುದು ಕಡಿಮೆ. ಹಳದಿ ಜ್ವರದ ಅಪಾಯವಿರುವ ದೇಶಗಳಿಂದ ಅಥವಾ ಅವುಗಳ ಮೂಲಕ ಭಾರತಕ್ಕೆ ಬರುವವರ ಬಳಿ ಲಸಿಕೆಯ ಕಾರ್ಡ್ ಇರಬೇಕು. ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕವಾಗಿ ಇಡಬಹುದು. ಬ್ರೆಜಿಲ್‌ನ ಸಾವೊ ಪೌಲೊ, ಇಥಿಯೋಪಿಯಾದ ಅಡಿಸ್ ಅಬಾಬಾ ಮೂಲಕ ಅಗ್ಗದ ಟಿಕೆಟ್ ಸಿಗುವುದರಿಂದ ಇದು ನಮಗೆ ತಟ್ಟುವ ಮಾತು. ಲಸಿಕೆಯನ್ನು ಹೊರಡುವ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಮೊದಲೇ ದಿನ ಗೊತ್ತುಮಾಡಿಕೊಂಡು ಹೋಗಿ. ಒಮ್ಮೆ ಹಾಕಿಸಿದರೆ ಆ ಹಳದಿ ಕಾರ್ಡ್ ಜೀವಮಾನಕ್ಕೆ ಸಲ್ಲುತ್ತದೆ, ಪಾಸ್‌ಪೋರ್ಟಿನ ಜೊತೆಗೇ ಇಟ್ಟಿರಿ.